ಜನನ ಪ್ರಮಾಣಪತ್ರದಿಂದ ನೀಲಿ ಆಧಾರ್‌ವರೆಗೆ: ಕೂಸು ಕಟ್ಟಿಕೊಂಡು ನಾವು ಸುತ್ತಿದ ದಾರಿ

ಕಳೆದ ವಾರ ಮಗಳ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಅವಳು ಹುಟ್ಟಿದಾಗಿನಿಂದ ನಡೆಯುತ್ತಿದ್ದ ಕಾಗದಪತ್ರಗಳ ಓಡಾಟ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಜನನ ಪ್ರಮಾಣಪತ್ರ, ಅದರಲ್ಲಿ ಹೆಸರು ಸೇರಿಸುವುದು, ಆಮೇಲೆ ಅದರ ತಿದ್ದುಪಡಿ, ಬಾಲ ಆಧಾರ್, ಜೊತೆಗೆ ಐದು ತುಂಬಿದ ಮಗನ ಆಧಾರ್ ಅಪ್‌ಡೇಟ್. ಕೇಳೋಕೆ ಎಲ್ಲವೂ ಸಣ್ಣ ಕೆಲಸಗಳೇ. ಆದರೆ ಹೊಲಿಗೆ ಇನ್ನೂ ನೋಯುತ್ತಿರುವ ಬಾಣಂತಿ, ಎರಡು ಗಂಟೆಗೊಮ್ಮೆ ಹಾಲಿಗೆ ಅಳುವ ಕೂಸು, "ಅಮ್ಮಾ, ನನ್ನ ಜೊತೆ ಯಾವಾಗ ಆಡ್ತೀಯ" ಎಂದು ದಿನಾ ಕೇಳುವ ದೊಡ್ಡವನು, ಇವರೆಲ್ಲ ಇರುವ ಮನೆಯಿಂದ ಒಂದು ಕಚೇರಿಗೆ ಹೋಗಿ ಬರುವುದು ಸಣ್ಣ ಕೆಲಸವಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾವ ಕಾಗದ ಕೈಯಲ್ಲಿರಬೇಕು ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಮ್ಮ ಅರ್ಧ ಅಲೆದಾಟ ತಪ್ಪುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಬೆಂಗಳೂರಿನಲ್ಲಿ. ಹೆರಿಗೆಗೆ ತವರಿಗೆ ಹೋಗಿದ್ದೆ. ಅಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಇಲ್ಲೇ ಮೊದಲ ವಿಷಯ ಹೇಳಿಬಿಡುತ್ತೇನೆ. ಮಗು ಎಲ್ಲಿ ಹುಟ್ಟಿತೋ ಆ ಊರಿನಲ್ಲೇ ಜನನ ನೋಂದಣಿ ಆಗುತ್ತದೆ, ನೀವು ವಾಸವಿರುವ ಊರಿನಲ್ಲಿ ಅಲ್ಲ. ತವರಿನಲ್ಲಿ ಹೆರಿಗೆ ಆದರೆ ಮುಂದೆ ಹೆಸರು ಸೇರಿಸಲಿಕ್ಕೂ ತಿದ್ದಲಿಕ್ಕೂ ತವರೂರಿನ ಕಚೇರಿಗೇ ಹೋಗಬೇಕು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ಮೊದಲೇ ಇದನ್ನೆಲ್ಲ ಮುಗಿಸಿಕೊಳ್ಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮಗ ಬೆಂಗಳೂರಿನಲ್ಲೇ ಹುಟ್ಟಿದ್ದ, ಆಗ ಎಲ್ಲ ಸಲೀಸಾಗಿ ಆಗಿತ್ತು.

ಹೆರಿಗೆ ಆದ ಮೇಲೆ 21 ದಿನದೊಳಗೆ ಜನನದ ಮಾಹಿತಿ ನೋಂದಣಿ ಅಧಿಕಾರಿಗೆ ಹೋಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಮಾಹಿತಿ ಕಳಿಸುವ ಜವಾಬ್ದಾರಿ ಆಸ್ಪತ್ರೆಯದೇ. ಮನೆಯವರು ಸುಮ್ನೆ ಗಾಬರಿಯಾಗಿ ಓಡಬೇಕಿಲ್ಲ. ಆಸ್ಪತ್ರೆಯವರು ನಮೂನೆ 1 ಅನ್ನುವ ಜನನ ವರದಿಯನ್ನು ತುಂಬುತ್ತಾರೆ. ಹುಟ್ಟಿದ ದಿನ, ಗಂಡೋ ಹೆಣ್ಣೋ, ಅಪ್ಪ ಅಮ್ಮನ ಹೆಸರು, ವಿಳಾಸ ಎಲ್ಲ ಅದರಲ್ಲೇ ಇರುತ್ತದೆ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಅಪ್ಪ ಅಮ್ಮನ ಆಧಾರ್ ಸಂಖ್ಯೆಯನ್ನೂ ಕೇಳುತ್ತಾರೆ. ಮಗುವಿನ ಹೆಸರು ಆ ಹೊತ್ತಿಗೆ ಗೊತ್ತಿರಲೇಬೇಕು ಅಂತಿಲ್ಲ. ನಮ್ಮ ಕಡೆ ನಾಮಕರಣ ಆಗುವುದೇ ತಡವಾಗಿ ಅಲ್ವಾ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಿ ಆಮೇಲೆ ಸೇರಿಸಬಹುದು. ಒಂದು ವರ್ಷದೊಳಗೆ ಸೇರಿಸಿದರೆ ದಂಡವಿಲ್ಲ. ಅದಾದ ಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು.

ಡಿಸ್ಚಾರ್ಜ್ ದಿನ ಆಸ್ಪತ್ರೆಯಲ್ಲಿ ಗಡಿಬಿಡಿ. ಬಿಲ್ಲಿನ ಕೌಂಟರ್‌ನಲ್ಲಿ ನಮ್ಮೆಜಮಾನರು, ಔಷಧಿ ಚೀಟಿ ಹಿಡಿದು ಅಪ್ಪ, ಕೂಸನ್ನು ಸುತ್ತಿಕೊಂಡು ಅಮ್ಮ. ನರ್ಸ್ ಬಂದು ತಾಯಿ ಕಾರ್ಡ್ ಮತ್ತು ನಮ್ಮಿಬ್ಬರ ಆಧಾರ್ ಜೆರಾಕ್ಸ್ ತೆಗೆದುಕೊಂಡು ಹೋದರು. "ಪ್ರಮಾಣಪತ್ರಕ್ಕೆ ಮಾಹಿತಿ ನಾವೇ ಕಳಿಸ್ತೀವಿ, ಆಮೇಲೆ ಪುರಸಭೆಯಲ್ಲಿ ತಗೊಳ್ಳಿ" ಎಂದರು. ತುಂಬಿದ ಅರ್ಜಿಯನ್ನು ನಮಗೆ ತೋರಿಸಲಿಲ್ಲ. ತೋರಿಸುವ ಪದ್ಧತಿಯೂ ಅಲ್ಲಿ ಇದ್ದಂತಿರಲಿಲ್ಲ. ದಯವಿಟ್ಟು ಆಸ್ಪತ್ರೆ ಬಿಡುವ ಮುಂಚೆ ಆ ನಮೂನೆಯನ್ನು ಕೇಳಿ ನೋಡಿ. ಕಂಪ್ಯೂಟರ್‌ನಲ್ಲಿ ತುಂಬಿದ್ದರೆ ಪರದೆಯನ್ನೇ ನಿಮ್ಮ ಕಡೆ ತಿರುಗಿಸಲು ಹೇಳಿ. ಅಮ್ಮನ ಹೆಸರು, ಅಪ್ಪನ ಹೆಸರು, ಇನಿಶಿಯಲ್, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಒಂದೊಂದೇ ಅಕ್ಷರ ಓದಿ. ಆ ಕಾಗದದ ಒಂದು ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಅಷ್ಟು ಮಾಡಿದರೆ ಈ ಬರಹದ ಅರ್ಧ ಭಾಗ ನಿಮಗೆ ಬೇಕಾಗುವುದಿಲ್ಲ.

ಮೊದಲ ಕೆಲವು ವಾರ ಯಾರಿಗೂ ಕಾಗದದ ನೆನಪೇ ಇರಲಿಲ್ಲ. ಕೂಸಿಗೆ ಕಾಮಾಲೆ ಸ್ವಲ್ಪ ಜಾಸ್ತಿ ಇತ್ತು, ಅದರ ಚಿಂತೆ. ಹಾಲು ಸಾಕಾಗುತ್ತಿದೆಯೋ ಇಲ್ಲವೋ ಅನ್ನುವ ಚಿಂತೆ. ದೊಡ್ಡವನು ಅಪ್ಪನ ಜೊತೆ ಬೆಂಗಳೂರಿನಲ್ಲಿ, ಶಾಲೆ ಇತ್ತು. ವಾರದ ಕೊನೆಗೆ ಬಂದಾಗ ತಂಗಿಯನ್ನು ದೂರದಿಂದಲೇ ನೋಡಿ, ನನ್ನ ಸೆರಗು ಹಿಡಿದು ನಿಲ್ಲುತ್ತಿದ್ದ. ಅವನನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ, ಹೊಲಿಗೆ ಇತ್ತು. ಆ ದಿನಗಳಲ್ಲಿ ನನಗೆ ಅತ್ಯಂತ ಕಷ್ಟ ಅನ್ನಿಸಿದ್ದು ಅದೇ.

ನಾಮಕರಣ ಮೂರನೇ ತಿಂಗಳಲ್ಲಿ ಆಯಿತು. ಹೆಸರು ಸಿಕ್ಕಿತು, ಸ್ಪೆಲ್ಲಿಂಗ್ ಸಿಗಲು ಇನ್ನೂ ಕೆಲವು ದಿನ ಬೇಕಾಯಿತು. ಒಬ್ಬರಿಗೆ ಎಚ್ ಬೇಕು, ಒಬ್ಬರಿಗೆ ಬೇಡ. ಕೊನೆಗೆ ಇನಿಶಿಯಲ್ ಹೇಗಿರಬೇಕು ಅನ್ನುವ ಚರ್ಚೆ. ನನ್ನ ಸಲಹೆ ಇಷ್ಟೇ. ಊರಿನ ಹೆಸರಿನದೋ ಅಪ್ಪನ ಹೆಸರಿನದೋ ಇನಿಶಿಯಲ್ ಬೇಕೋ, ಅಪ್ಪನ ಪೂರ್ತಿ ಹೆಸರು ಬೇಕೋ ಅಂತ ಅರ್ಜಿ ಕೊಡುವ ಮುಂಚೆಯೇ ನಿರ್ಧರಿಸಿ. ಒಂದು ಸಲ ರಿಜಿಸ್ಟರಿಗೆ ಸೇರಿದ ಹೆಸರನ್ನು ಬದಲಿಸುವುದು ಸುಲಭವಲ್ಲ. ನಾವು ಅಣ್ಣನ ಹೆಸರು ಯಾವ ರೀತಿ ಇತ್ತೋ ಅದೇ ರೀತಿ ತಂಗಿಗೂ ಇಟ್ಟೆವು. ಇಬ್ಬರ ಕಾಗದಗಳೂ ಒಂದೇ ಥರ ಇರಲಿ ಎಂದು.

ಹೆಸರು ಸೇರಿಸುವ ಕೆಲಸ ಬೇಗ ಆಯಿತು. ಅಪ್ಪ ಪುರಸಭೆಗೆ ಹೋಗಿ ವಿಚಾರಿಸಿಕೊಂಡು ಬಂದರು. ಒಂದು ಅರ್ಜಿ, ನಮ್ಮಿಬ್ಬರ ಆಧಾರ್ ಪ್ರತಿ, ಡಿಸ್ಚಾರ್ಜ್ ಸಮ್ಮರಿ ಕೇಳಿದರು. ಅರ್ಜಿಗೆ ನಮ್ಮ ಸಹಿ ಬೇಕಿತ್ತು, ಅಜ್ಜ ಹಾಕಿದರೆ ಆಗುವುದಿಲ್ಲ ಎಂದರು. ಎಜಮಾನರು ಶನಿವಾರ ಬರುವಷ್ಟರಲ್ಲಿ ಕಚೇರಿ ಮುಚ್ಚಿರುತ್ತಿತ್ತು, ಹಾಗಾಗಿ ನಾನೇ ಹೋದೆ. ಹೆರಿಗೆ ಆದ ಮೇಲೆ ಆಸ್ಪತ್ರೆ ಬಿಟ್ಟು ಬೇರೆ ಕಡೆ ನಾನು ಹೊರಗೆ ಹೋಗಿದ್ದು ಅದೇ ಮೊದಲು. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು. ಗುಮಾಸ್ತರು ಒಳ್ಳೆಯವರು, ಕೂಸು ಮನೆಯಲ್ಲಿದೆ ಎಂದಾಗ ನನ್ನ ಅರ್ಜಿಯನ್ನು ಮೊದಲು ನೋಡಿದರು. ಕೆಲವು ದಿನ ಬಿಟ್ಟು ಪ್ರಮಾಣಪತ್ರ ಕೈಗೆ ಬಂತು.

ಅಪ್ಪ ತಂದುಕೊಟ್ಟಾಗ ಮಗಳ ಹೆಸರನ್ನು ಅಚ್ಚಿನಲ್ಲಿ ಮೊದಲ ಸಲ ನೋಡಿ ಖುಷಿಯಾಯಿತು. ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ. ಆಮೇಲೆ ಕೆಳಗಿನ ಸಾಲು ನೋಡಿದೆ. ತಾಯಿಯ ಹೆಸರು ಅಂತ ಇದ್ದ ಕಡೆ ಇದ್ದದ್ದು ನನ್ನ ಹೆಸರಲ್ಲ. ಅಂದರೆ, ನನ್ನ ಹೆಸರಿನ ಹಾಗೆಯೇ ಇತ್ತು, ಆದರೆ ಇಂಗ್ಲಿಷ್‌ನಲ್ಲಿ ಟಿ ಆದ ಮೇಲೆ ಇರಬೇಕಾದ ಎಚ್ ಇರಲಿಲ್ಲ, ಇನಿಶಿಯಲ್ ಇರಲಿಲ್ಲ, ಕನ್ನಡದಲ್ಲಿ ದೀರ್ಘ ಇರಬೇಕಾದ ಕಡೆ ಇರಲಿಲ್ಲ. ಆಧಾರ್‌ನಲ್ಲಿ ಎಲ್ಲ ಸರಿಯಾಗೇ ಇದೆ. ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಕೈಬರಹದಲ್ಲಿ ಬರೆದದ್ದನ್ನು ನೋಡಿ ಆಸ್ಪತ್ರೆಯಲ್ಲಿ ಟೈಪ್ ಮಾಡಿದ್ದರು. ಆಧಾರ್ ಜೆರಾಕ್ಸ್ ತೆಗೆದುಕೊಂಡಿದ್ದರೂ ಅದನ್ನು ನೋಡಿರಲಿಲ್ಲ.

ಅದನ್ನು ನೋಡಿ ನಾನು ಅತ್ತೆ. ಬಾಣಂತಿಯರು ಸಣ್ಣದಕ್ಕೂ ಅಳುತ್ತಾರೆ ಅಂದರು ಮನೆಯಲ್ಲಿ. ಇರಬಹುದು. ಆದರೆ ಒಂಬತ್ತು ತಿಂಗಳು ಹೊತ್ತು, ಹೊಟ್ಟೆ ಕೊಯ್ಸಿಕೊಂಡು ಹೆತ್ತ ಮಗುವಿನ ಮೊಟ್ಟಮೊದಲ ಕಾಗದದಲ್ಲಿ ಅಮ್ಮನ ಹೆಸರು ಸರಿ ಇಲ್ಲ ಅಂದರೆ ಅದು ಸಣ್ಣದಲ್ಲ.

ಇಲ್ಲಿಂದ ಎಲ್ಲರ ಸಲಹೆ ಶುರು. "ಅಪ್ಪನ ಹೆಸರು ಸರಿ ಇದೆ ಅಲ್ವಾ, ಬಿಡು." "ಆಧಾರ್‌ಗೆ ಅಪ್ಪನದು ಕೊಟ್ಟರೆ ಸಾಕು." "ಶಾಲೆಯಲ್ಲಿ ಯಾರೂ ಅಮ್ಮನ ಸ್ಪೆಲ್ಲಿಂಗ್ ನೋಡಲ್ಲ." ಎರಡು ದಿನ ನಾನೂ ಹೌದಾ ಅಂತ ಯೋಚಿಸಿದೆ. ಆಮೇಲೆ ಕಾಯ್ದೆ ಏನು ಹೇಳುತ್ತದೆ ಎಂದು ಓದಿದೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಮದುವೆ ನೋಂದಣಿ, ಸರ್ಕಾರಿ ಕೆಲಸ, ಇದಕ್ಕೆಲ್ಲ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ನಮ್ಮ ಕಾಲದ ಹಾಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ ಎಲ್ಲ ಕೆಲಸ ಮುಗಿಸುವ ಕಾಲ ಇವಳದಲ್ಲ. ಈ ಒಂದು ಹಾಳೆಯನ್ನು ಅವಳು ಜೀವನವಿಡೀ ತೋರಿಸುತ್ತಾ ಇರಬೇಕು. ಇವತ್ತು ಅವಳ ಹತ್ತಿರ ಬೇರೆ ಯಾವ ಕಾಗದವೂ ಇಲ್ಲ, ಹಾಗಾಗಿ ತಿದ್ದುವುದೂ ಇವತ್ತೇ ಸುಲಭ. ನಾಲ್ಕು ದಾಖಲೆ ಆದ ಮೇಲೆ ತಿದ್ದಲು ಹೊರಟರೆ ನಾಲ್ಕನ್ನೂ ತಿದ್ದಬೇಕು. ಆಗ ಗಟ್ಟಿ ಮನಸ್ಸು ಮಾಡಿದೆ.

ಪುರಸಭೆಯಲ್ಲಿ ಕೇಳಿದರೆ ಆಸ್ಪತ್ರೆಯವರು ಕಳಿಸಿದ್ದೇ ಹೀಗೆ, ಅಲ್ಲಿ ಕೇಳಿ ಎಂದರು. ಆಸ್ಪತ್ರೆಯಲ್ಲಿ ಕೇಳಿದರೆ ಒಂದು ಸಲ ಕಳಿಸಿದ ಮೇಲೆ ನಮ್ಮ ಕೈಯಲ್ಲಿ ಇಲ್ಲ, ಪುರಸಭೆಯಲ್ಲೇ ತಿದ್ದಬೇಕು ಎಂದರು. ಇಬ್ಬರು ಹೇಳಿದ್ದೂ ಒಂದು ರೀತಿಯಲ್ಲಿ ನಿಜವೇ, ಆದರೆ ನಡುವೆ ಓಡಾಡಿದ್ದು ನನ್ನ ಅಪ್ಪ. ಅವರಿಗೆ ಮಂಡಿನೋವು. ಬಸ್‌ಸ್ಟ್ಯಾಂಡಿನಿಂದ ಕಚೇರಿಗೆ, ಕಚೇರಿಯಿಂದ ಆಸ್ಪತ್ರೆಗೆ ಬಿಸಿಲಲ್ಲಿ ನಡೆದು ಬಂದು "ನಾಳೆ ಬನ್ನಿ ಅಂದ್ರು ಮಗಾ" ಎನ್ನುವಾಗ ನನಗೆ ಬೇಸರಕ್ಕಿಂತ ಸಂಕಟ ಜಾಸ್ತಿ ಆಗುತ್ತಿತ್ತು.

ದಾರಿ ತೋರಿಸಿದ್ದು ಅದೇ ಕಚೇರಿಯ ಇನ್ನೊಬ್ಬ ಅಧಿಕಾರಿ. ಜನನ ಮರಣ ನೋಂದಣಿ ಕಾಯ್ದೆ 1969ರ 15ನೇ ಕಲಂ ಪ್ರಕಾರ ತಿದ್ದುಪಡಿಗೆ ಅರ್ಜಿ ಕೊಡಿ ಎಂದರು. ಆ ಕಲಂ ಹೆಸರು ಹೇಳಿ ಅರ್ಜಿ ಬರೆದ ಮೇಲೆ ಮಾತುಕತೆಯೇ ಬೇರೆ ಆಯಿತು. ರಿಜಿಸ್ಟರಿನಲ್ಲಿ ತಪ್ಪು ಇದ್ದರೆ ಅದನ್ನು ತಿದ್ದುವ ಅಧಿಕಾರ ನೋಂದಣಿ ಅಧಿಕಾರಿಗೆ ಇದೆ. ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ತಿದ್ದುಪಡಿ ಬರೆದು ಸಹಿ ಮಾಡಿ ದಿನಾಂಕ ಹಾಕುತ್ತಾರೆ. ಸಣ್ಣ ಬರವಣಿಗೆ ತಪ್ಪು ಆದರೆ ಅಧಿಕಾರಿಗೆ ಮನವರಿಕೆ ಆದರೆ ಸಾಕು. ವಿಷಯವೇ ತಪ್ಪು ಅಂತಾದರೆ ವಿಷಯ ಗೊತ್ತಿರುವ ಇಬ್ಬರು ನಂಬಿಕಸ್ತರ ಹೇಳಿಕೆ ಬೇಕು. ನಮ್ಮದು ಸ್ಪೆಲ್ಲಿಂಗ್ ಜೊತೆಗೆ ಇನಿಶಿಯಲ್ ಕೂಡ ಇದ್ದದ್ದರಿಂದ, ಆಮೇಲೆ ತಕರಾರು ಬೇಡ ಎಂದು ಇಬ್ಬರ ಹೇಳಿಕೆಯನ್ನೂ ಕೇಳಿದರು. ಅಪ್ಪ ಒಬ್ಬರು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇನ್ನೊಬ್ಬರು.

ನಾವು ಕೊಟ್ಟ ಕಾಗದಗಳು ಇವು: ತಿದ್ದುಪಡಿ ಅರ್ಜಿ, ಮೂಲ ಪ್ರಮಾಣಪತ್ರ, ನನ್ನ ಆಧಾರ್, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮದುವೆ ನೋಂದಣಿ ಪತ್ರ, ದೊಡ್ಡ ಮಗನ ಜನನ ಪ್ರಮಾಣಪತ್ರ, ನೋಟರಿ ಅಫಿಡವಿಟ್, ಸಾಕ್ಷಿಗಳ ಹೇಳಿಕೆ ಮತ್ತು ಅವರ ಆಧಾರ್ ಪ್ರತಿ, ಆಸ್ಪತ್ರೆಯ ಪತ್ರ. ಇದರಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಮಗನ ಪ್ರಮಾಣಪತ್ರ. ಅದರಲ್ಲಿ ತಾಯಿಯ ಹೆಸರು ಸರಿಯಾಗಿತ್ತು. ಅಣ್ಣನ ಕಾಗದದಲ್ಲಿ ಹೀಗಿದೆ, ತಂಗಿಯದರಲ್ಲಿ ಹಾಗಿದೆ ಅಂತ ಎರಡನ್ನೂ ಪಕ್ಕದಲ್ಲಿ ಇಟ್ಟಾಗ ಅಧಿಕಾರಿ ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲ. ಮೊದಲ ಮಗು ಇದ್ದವರು ಅದರ ಪ್ರಮಾಣಪತ್ರವನ್ನು ಹೋಗುವಾಗಲೇ ತೆಗೆದುಕೊಂಡು ಹೋಗಿ.

ಅತಿ ಹೆಚ್ಚು ಕಾಯಿಸಿದ್ದು ಆಸ್ಪತ್ರೆಯ ಪತ್ರ. ನಮೂನೆಯಲ್ಲಿ ಹೆಸರು ಟೈಪ್ ಮಾಡುವಾಗ ತಪ್ಪಾಗಿದೆ ಅಂತ ಅವರ ಲೆಟರ್‌ಹೆಡ್‌ನಲ್ಲಿ ಬರೆದು ವೈದ್ಯರ ಸಹಿ, ಸೀಲು ಬೇಕಿತ್ತು. ದಾಖಲೆ ವಿಭಾಗ ಮಧ್ಯಾಹ್ನದ ಮೇಲೆ ಇರುವುದಿಲ್ಲ. ಇದ್ದ ದಿನ ಅಲ್ಲಿನವರು ರಜೆ. ಅವರು ಬಂದ ದಿನ ವೈದ್ಯರು ಆಪರೇಷನ್‌ನಲ್ಲಿ. ಕೊನೆಗೆ 14ನೇ ವಾರದ ಲಸಿಕೆಗೆ ಕೂಸನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಲಸಿಕೆ ಆದ ಮೇಲೆ ಅಲ್ಲಿಂದ ಕದಲದೆ ಕೂತೆವು. ಸಂಜೆ ಹೊತ್ತಿಗೆ ಪತ್ರ ಸಿಕ್ಕಿತು. ಆದರೆ ಲಸಿಕೆಯ ಜ್ವರ ಅಷ್ಟರಲ್ಲಿ ಶುರುವಾಗಿ ಕೂಸು ದಾರಿಯುದ್ದಕ್ಕೂ ಅತ್ತಿತು. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆ ಹಾಕಿಸಿದ ದಿನ ಮತ್ತು ಮರುದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ನಮಗೆ ಬೇರೆ ದಾರಿ ಇರಲಿಲ್ಲ, ನಿಮಗೆ ಇದ್ದರೆ ತಪ್ಪಿಸಿ.

ಖರ್ಚು ಕೇಳುವವರಿಗೆ: ಸಮಯಕ್ಕೆ ಸರಿಯಾಗಿ ಆದ ಜನನ ನೋಂದಣಿಗೆ ಹಣವಿಲ್ಲ, ಮೊದಲ ಪ್ರಮಾಣಪತ್ರವೂ ಉಚಿತ. ಹೆಚ್ಚುವರಿ ಪ್ರತಿಗಳಿಗೆ ಶುಲ್ಕ ಇದೆ, ಅದು ಭಾರವಲ್ಲ. ಅಫಿಡವಿಟ್‌ಗೆ 100 ರೂಪಾಯಿಯ ಇ-ಸ್ಟ್ಯಾಂಪ್ ಪೇಪರ್, ಮೇಲೆ ಟೈಪಿಂಗ್ ಮತ್ತು ನೋಟರಿಯ ಹಣ. ದುಡ್ಡು ನಿಜವಾಗಿ ಹೋಗುವುದು ಓಡಾಟಕ್ಕೆ ಮತ್ತು ಹಾಕಿದ ರಜೆಗೆ. ಕಚೇರಿಯ ಹೊರಗೆ "ನಾನು ಮಾಡಿಸಿಕೊಡ್ತೀನಿ" ಎನ್ನುವವರು ಸಿಗುತ್ತಾರೆ. ನಾವು ಕೊಡಲಿಲ್ಲ. ಕೊಡಬೇಕಾದ ಅಗತ್ಯವೂ ಇಲ್ಲ, ಅರ್ಜಿಗೆ ಸ್ವೀಕೃತಿ ಪಡೆದು, ಆ ಸಂಖ್ಯೆ ಹಿಡಿದು ಕೇಳುತ್ತಿದ್ದರೆ ಕೆಲಸ ಆಗುತ್ತದೆ.

ತಿದ್ದಿದ ಪ್ರಮಾಣಪತ್ರ ಬರುವ ಹೊತ್ತಿಗೆ ನಾನು ಕೂಸಿನ ಜೊತೆ ಬೆಂಗಳೂರಿಗೆ ಬಂದಾಗಿತ್ತು. ಅಪ್ಪ ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. ಮೊದಲು ನಾನು ಹಿಗ್ಗಿಸಿ ನೋಡಿದ್ದು ಎಚ್ ಇದೆಯಾ ಎಂದು. ಇತ್ತು. ಇನಿಶಿಯಲ್ ಇತ್ತು. ದೀರ್ಘವೂ ಇತ್ತು. ಎಜಮಾನರು ಅಡುಗೆಮನೆಯಿಂದ ಬಂದು ಏನಾಯ್ತು ಎಂದು ಕೇಳುವಷ್ಟು ಜೋರಾಗಿ ನಕ್ಕೆ.

ನನಗೆ ಇನ್ನೊಂದು ಅವಸರವೂ ಇತ್ತು. ಹೆರಿಗೆ ರಜೆ 26 ವಾರ. ಅದು ಮುಗಿಯುವ ಮುಂಚೆ ಆಧಾರ್ ಆಗಬೇಕು, ಯಾಕೆಂದರೆ ಆಮೇಲೆ ಒಂದೊಂದು ಅರ್ಧ ದಿನಕ್ಕೂ ರಜೆ ಕೇಳಬೇಕು. ಉದ್ಯೋಗದಲ್ಲಿ ಇರುವ ಅಮ್ಮಂದಿರು ಕಾಗದದ ಕೆಲಸಗಳನ್ನು ರಜೆಯ ನಡುವಿನ ತಿಂಗಳುಗಳಲ್ಲೇ ಮುಗಿಸಿಕೊಳ್ಳಿ. ಮೊದಲ ತಿಂಗಳು ಸಾಧ್ಯವಿಲ್ಲ, ಕೊನೆಯ ತಿಂಗಳು ಮನಸ್ಸೆಲ್ಲ ಮಗುವನ್ನು ಬಿಟ್ಟು ಹೋಗುವುದರ ಮೇಲೇ ಇರುತ್ತದೆ.

ಬಾಲ ಆಧಾರ್ ಅಂದರೆ ಐದು ವರ್ಷದೊಳಗಿನ ಮಕ್ಕಳಿಗೆ ಕೊಡುವುದು, ನೀಲಿ ಬಣ್ಣದ್ದು. ಮಗುವಿನ ಬೆರಳಚ್ಚು, ಕಣ್ಣಿನ ಪಾಪೆ ಯಾವುದನ್ನೂ ತೆಗೆಯುವುದಿಲ್ಲ. ಒಂದು ಫೋಟೊ ಅಷ್ಟೇ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ತಮ್ಮ ಆಧಾರ್ ಜೊತೆ ಹೋಗಿ ಬೆರಳು ಕೊಡಬೇಕು. ನೋಂದಣಿ ಉಚಿತ, ಯಾರಾದರೂ ಹಣ ಕೇಳಿದರೆ 1947ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆಧಾರ್ ಸೇವಾ ಕೇಂದ್ರಕ್ಕೆ ಆನ್‌ಲೈನ್‌ನಲ್ಲಿ ಸಮಯ ಗೊತ್ತು ಮಾಡಿಕೊಂಡು ಹೋದರೆ ಕೂಸಿನ ಜೊತೆ ಕ್ಯೂ ನಿಲ್ಲುವುದು ಕಡಿಮೆಯಾಗುತ್ತದೆ. ಬ್ಯಾಂಕು, ಅಂಚೆ ಕಚೇರಿಗಳಲ್ಲೂ ಕೇಂದ್ರಗಳಿವೆ. ಅಂಚೆಯವರ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಐದು ವರ್ಷದೊಳಗಿನ ಮಕ್ಕಳ ನೋಂದಣಿ ಮಾಡುವ ವ್ಯವಸ್ಥೆಯೂ ಇದೆ. ನಮಗೆ ಅದು ತಡವಾಗಿ ಗೊತ್ತಾಯಿತು. ನೀವು ಮೊದಲು ಹತ್ತಿರದ ಅಂಚೆ ಕಚೇರಿಯಲ್ಲಿ ವಿಚಾರಿಸಿ.

ನಾವು ಇಬ್ಬರು ಮಕ್ಕಳನ್ನೂ ಒಂದೇ ದಿನ ಕರೆದುಕೊಂಡು ಹೋದೆವು. ಮಗನಿಗೆ ಆಗಷ್ಟೇ ಐದು ತುಂಬಿತ್ತು. ಐದಾದ ಮೇಲೆ ನೀಲಿ ಆಧಾರ್‌ಗೆ ಬೆರಳಚ್ಚು, ಕಣ್ಣು, ಹೊಸ ಫೋಟೊ ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ಐದರಿಂದ ಏಳರೊಳಗೆ ಮಾಡಿಸಿದರೆ ಹಣವಿಲ್ಲ. ಏಳು ದಾಟಿದರೂ ಮಾಡಿಸದಿದ್ದರೆ ಸಂಖ್ಯೆ ನಿಷ್ಕ್ರಿಯ ಆಗಬಹುದು. ಬಹಳ ಮನೆಗಳಲ್ಲಿ ಇದು ಮರೆತೇ ಹೋಗಿರುತ್ತದೆ, ಶಾಲೆಯಲ್ಲಿ ಕೇಳಿದಾಗ ಗಾಬರಿಯಾಗುತ್ತಾರೆ. ಮನೆಯಲ್ಲಿ ಐದು ದಾಟಿದ ಮಗು ಇದ್ದರೆ ಇವತ್ತೇ ನೋಡಿ.

ಕೂಸಿನ ಫೋಟೊ ಸುಲಭ ಎಂದುಕೊಂಡಿದ್ದೆವು. ಕೇಂದ್ರದಲ್ಲಿ ತಂಪಾಗಿತ್ತು, ನಮ್ಮ ಸರದಿ ಬರುವಷ್ಟರಲ್ಲಿ ಅವಳು ಗಾಢ ನಿದ್ರೆಗೆ ಜಾರಿದ್ದಳು. ಕಣ್ಣು ತೆರೆದಿರಬೇಕು, ಮುಖ ನೇರ ಇರಬೇಕು, ಹಿಡಿದವರ ಕೈ ಕಾಣಬಾರದು. ಅಂಗಾಲು ಸವರಿದೆವು, ಹೆಸರು ಹಿಡಿದು ಕರೆದೆವು. ಎದ್ದಳು, ಆದರೆ ಅಳುತ್ತಾ ಎದ್ದಳು. ಆಪರೇಟರ್ ಹುಡುಗಿ ಬಹಳ ತಾಳ್ಮೆಯವಳು. "ಹಾಲು ಕೊಟ್ಟು ಬನ್ನಿ ಅಕ್ಕ, ಅಷ್ಟರಲ್ಲಿ ಅಣ್ಣನದು ಮಾಡ್ತೀನಿ" ಎಂದಳು. ಹಾಲು ಕುಡಿಸಲು ಪ್ರತ್ಯೇಕ ಜಾಗ ಇರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಗೋಡೆ ಕಡೆ ತಿರುಗಿ ಕೂತೆ, ಎಜಮಾನರು ಅಡ್ಡ ನಿಂತರು. ಸಾವಿರಾರು ತಾಯಂದಿರು ಬರುವ ಇಂಥ ಜಾಗಗಳಲ್ಲಿ ಒಂದು ಪರದೆ, ಒಂದು ಕುರ್ಚಿ ಇಡುವುದು ಕಷ್ಟದ ಕೆಲಸವಲ್ಲ. ಅದು ಇರಲೇಬೇಕು.

ಮಗನ ಬೆರಳುಗಳು ಮೊದಲಿಗೆ ಓದಲಿಲ್ಲ. ಒಣಗಿದ ಪುಟ್ಟ ಬೆರಳು, ಯಂತ್ರ ಹಿಡಿಯುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದಾಗಿ ಒತ್ತಿ ಹಿಡಿದ ಮೇಲೆ ಬಂತು. ಕಣ್ಣಿನದು ಇನ್ನೂ ಕಷ್ಟ, ಅವನು ಮಿಟುಕಿಸುತ್ತಲೇ ಇದ್ದ. ಮನೆಯಲ್ಲಿ ಹಿಂದಿನ ದಿನವೇ ದುರ್ಬೀನು ನೋಡುವ ಹಾಗೆ ಕೈ ಸುರುಳಿ ಮಾಡಿ ಕಣ್ಣು ಅಗಲಿಸಿ ನೋಡುವ ಆಟ ಆಡಿಸಿಕೊಂಡು ಹೋಗಿ, ಬಹಳ ಸಹಾಯವಾಗುತ್ತದೆ. ಕೆಲಸ ಮುಗಿದ ಮೇಲೆ ಅವನು "ನನ್ನದು ಹತ್ತೂ ಬೆರಳು ಕೊಟ್ಟೆ, ತಂಗಿದು ಒಂದೂ ಇಲ್ಲ" ಎಂದು ಹೆಮ್ಮೆಯಿಂದ ಎಲ್ಲರಿಗೂ ಹೇಳಿದ. ತಂಗಿ ಬಂದ ಮೇಲೆ ಅವನ ಮುಖದಲ್ಲಿ ಅಷ್ಟು ಖುಷಿ ನಾನು ನೋಡಿರಲಿಲ್ಲ. ಆ ದಿನ ಅವನೇ ದೊಡ್ಡವನು ಅಂತ ಒಂದು ಯಂತ್ರ ಒಪ್ಪಿಕೊಂಡಿತ್ತು, ಅವನಿಗೆ ಅಷ್ಟು ಸಾಕಾಗಿತ್ತು.

ಸ್ವೀಕೃತಿ ಚೀಟಿ ಕೊಡುವಾಗ ಅಲ್ಲೇ ನಿಂತು ಓದಿ. ಹೆಸರು, ಹುಟ್ಟಿದ ದಿನ, ವಿಳಾಸ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಅಚ್ಚಾಗಿರುತ್ತದೆ. ಕನ್ನಡದ ಸಾಲು ಕಂಪ್ಯೂಟರ್ ತಾನೇ ಬರೆದುಕೊಳ್ಳುವುದರಿಂದ ಅಲ್ಲಿ ತಪ್ಪು ಜಾಸ್ತಿ. ನಮ್ಮ ಮಗಳ ಹೆಸರಿನ ಒಂದು ಒತ್ತಕ್ಷರ ತಪ್ಪಾಗಿತ್ತು, ಅಂತಿಮ ಮಾಡುವ ಮುಂಚೆ ಪರದೆಯಲ್ಲಿ ನೋಡಿ ಹೇಳಿದ್ದಕ್ಕೆ ಅಲ್ಲೇ ಸರಿ ಮಾಡಿದರು. ಚೀಟಿಯಲ್ಲಿರುವ ನೋಂದಣಿ ಸಂಖ್ಯೆ ಮತ್ತು ಸಮಯ ಹಾಕಿ ಆನ್‌ಲೈನ್‌ನಲ್ಲಿ ಸ್ಥಿತಿ ನೋಡಬಹುದು. ಚೀಟಿಯ ಶಾಯಿ ಬೇಗ ಮಾಸುತ್ತದೆ, ಫೋಟೊ ತೆಗೆದಿಟ್ಟುಕೊಳ್ಳಿ. ಮಗನದು ಬೇಗ ಬಂತು. ಕೂಸಿನದು ವಾರಗಟ್ಟಲೆ ಪರಿಶೀಲನೆಯಲ್ಲಿದೆ ಎಂದೇ ತೋರಿಸುತ್ತಿತ್ತು. ಆಮೇಲೆ ಒಂದು ದಿನ ತಾನಾಗೇ ಸಂದೇಶ ಬಂತು. ನಡುವೆ ಇನ್ನೊಮ್ಮೆ ನೋಂದಣಿ ಮಾಡಿಸಲು ಹೋಗಬೇಡಿ, ಗೊಂದಲ ಜಾಸ್ತಿಯಾಗುತ್ತದೆ.

ಪಾಸ್‌ಪೋರ್ಟ್ ಎಲ್ಲರಿಗೂ ಬೇಕಾಗುವುದಿಲ್ಲ. ನನ್ನ ತಂಗಿ ಹೊರದೇಶದಲ್ಲಿದ್ದಾಳೆ, ಅವಳ ಬಾಣಂತನಕ್ಕೆ ಅಮ್ಮನ ಜೊತೆ ನಾವೂ ಹೋಗುವುದಿತ್ತು. ಇಷ್ಟೆಲ್ಲ ಆದ ಮೇಲೆ ಇದು ಎಷ್ಟು ಕಷ್ಟವೋ ಎಂದು ಹೆದರಿದ್ದೆ, ಇದೇ ಎಲ್ಲಕ್ಕಿಂತ ಸಲೀಸಾಗಿ ಆಯಿತು. ಚಿಕ್ಕವರ ಹೊಸ ಪಾಸ್‌ಪೋರ್ಟ್‌ಗೆ ಶುಲ್ಕ 1000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಶೇಕಡಾ 10 ರಿಯಾಯಿತಿ, ಹಾಗಾಗಿ 900 ಕಟ್ಟಿದೆವು. ಜನನ ಪ್ರಮಾಣಪತ್ರ, ನಮ್ಮಿಬ್ಬರ ಪಾಸ್‌ಪೋರ್ಟ್‌ನ ಮೂಲ ಮತ್ತು ಪ್ರತಿ, ಇಬ್ಬರೂ ಸಹಿ ಮಾಡಿದ ಅನುಬಂಧ ಡಿ, ಅಂದರೆ ಚಿಕ್ಕವರ ಪಾಸ್‌ಪೋರ್ಟ್‌ಗೆ ಅಪ್ಪ ಅಮ್ಮ ಕೊಡುವ ಘೋಷಣೆ. ಇದಕ್ಕೆ ಸ್ಟ್ಯಾಂಪ್ ಪೇಪರ್ ಬೇಡ, ನೋಟರಿ ಬೇಡ, ಬಿಳಿ ಹಾಳೆಯಲ್ಲಿ ಸಾಕು. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೊವನ್ನು ನಾವೇ ಒಯ್ಯಬೇಕು, ಬಿಳಿ ಹಿನ್ನೆಲೆ, 4.5 ಸೆಂಟಿಮೀಟರ್ ಉದ್ದ, 3.5 ಅಗಲ. ಸ್ಟುಡಿಯೊದಲ್ಲಿ ಬಿಳಿ ಬಟ್ಟೆ ಹಾಸಿ ಅವಳನ್ನು ಮಲಗಿಸಿ ಮೇಲಿಂದ ತೆಗೆದರು. ಕೂರಿಸಿ ತೆಗೆಯುವುದಕ್ಕಿಂತ ಇದು ವಾಸಿ. ಬೆಳಗಿನ ಸ್ನಾನ, ಹಾಲು, ನಿದ್ರೆ ಮುಗಿದ ಹೊತ್ತಿಗೆ ಹೋಗಿ.

ಪಾಸ್‌ಪೋರ್ಟ್ ಕೇಂದ್ರದಲ್ಲಿ ಎ, ಬಿ, ಸಿ ಅಂತ ಮೂರು ಕೌಂಟರ್. ಎರಡನೆಯದರಲ್ಲಿ ಅಧಿಕಾರಿ ಮಗಳ ಜನನ ಪ್ರಮಾಣಪತ್ರವನ್ನೂ ನನ್ನ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟು ತಾಯಿಯ ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. "ಸರಿ ಇದೆ" ಎಂದು ಮುಂದಿನ ಕೌಂಟರ್‌ಗೆ ಕಳಿಸಿದರು. ಯಾರೂ ನೋಡಲ್ಲ ಬಿಡು ಎಂದವರ ಮಾತು ಕೇಳಿದ್ದರೆ ಅಲ್ಲಿಂದ ವಾಪಸ್ ತವರಿಗೆ ಹೋಗಿ ಮೊದಲಿನಿಂದ ಶುರು ಮಾಡಬೇಕಿತ್ತು. ನಮ್ಮಿಬ್ಬರದೂ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಆದ್ದರಿಂದ ಮಗುವಿಗೆ ಪೊಲೀಸ್ ಪರಿಶೀಲನೆ ಬರಲಿಲ್ಲ. ಚಿಕ್ಕವರ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಇರುತ್ತದೆ, ಅದನ್ನೂ ನೆನಪಿಟ್ಟುಕೊಳ್ಳಿ.

ಕಚೇರಿಗೆ ಹೋಗುವ ದಿನದ ಚೀಲದ ಬಗ್ಗೆ ಒಂದು ಮಾತು. ಕಾಗದದ ಫೈಲು ಮತ್ತು ಮಗುವಿನ ಚೀಲ ಬೇರೆ ಬೇರೆ ಇರಲಿ. ಒಂದೇ ಚೀಲದಲ್ಲಿ ಇಟ್ಟರೆ ಒದ್ದೆ ಬಟ್ಟೆ ಯಾವಾಗ ಮೂಲ ಪತ್ರಕ್ಕೆ ತಾಗುತ್ತದೋ ಗೊತ್ತಾಗುವುದಿಲ್ಲ. ಫೈಲು ಅಪ್ಪನ ಕೈಯಲ್ಲಿ, ಮಗು ಅಮ್ಮನ ಕೈಯಲ್ಲಿ, ಹೊರಗೆ ಕಾಯಲು ಮನೆಯ ಇನ್ನೊಬ್ಬರು ಬಂದರೆ ಇನ್ನೂ ಒಳ್ಳೆಯದು. ದೊಡ್ಡ ಮಗುವಿಗೆ ಬರೆಯಲು ಒಂದು ಪುಸ್ತಕ, ಬಣ್ಣದ ಪೆನ್ಸಿಲ್. ಫೋನ್ ಕೊಟ್ಟು ಕೂರಿಸಿದರೆ ಸ್ಥಿತಿ ನೋಡಲು, ಓಟಿಪಿ ಹೇಳಲು ಬೇಕಾದಾಗ ಬ್ಯಾಟರಿ ಇರುವುದಿಲ್ಲ.

ಉಳಿದಿರುವುದು ರೇಷನ್ ಕಾರ್ಡ್‌ಗೆ ಮಗಳ ಹೆಸರು ಸೇರಿಸುವುದು. ಅದಕ್ಕೆ ಆಧಾರ್ ಬೇಕಿತ್ತು, ಈಗ ಇದೆ. ಮುಂದಿನ ವಾರ ಎಜಮಾನರು ಹೋಗುತ್ತಾರೆ. ತಿದ್ದಿದ ಜನನ ಪ್ರಮಾಣಪತ್ರದ ಇನ್ನೊಂದಷ್ಟು ಪ್ರತಿಗಳನ್ನು ತೆಗೆಸಿ ಒಂದನ್ನು ತವರಿನಲ್ಲೇ ಅಪ್ಪನ ಬೀರುವಿನಲ್ಲಿ ಇಡಲು ಹೇಳಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ತಾಯಿಯ ಹೆಸರಿನ ತಿದ್ದುಪಡಿಯೇ ಬಾಕಿ ಇದ್ದರೆ ಮೊದಲು ಮಾಡಬೇಕಾದ್ದು ಆಸ್ಪತ್ರೆಯ ಪತ್ರ. ಉಳಿದ ಕಾಗದಗಳನ್ನು ಹೊಂದಿಸಿಕೊಳ್ಳುವ ಹೊತ್ತಿಗೆ ಅದು ಬರುತ್ತದೆ.